ಸ್ವಂತ ಆಟವನ್ನು ಡಿಎಸ್ ಲೈಟ್‌ನಲ್ಲಿ ಓಡಿಸಲು ಯಾವ ಫ್ಲ್ಯಾಶ್ ಕಾರ್ಟ್ ಕೊಳ್ಳಬೇಕು?

ಪ್ರಶ್ನೆ: ಅಣ್ಣ ಅಮೆರಿಕದಿಂದ ತಂದುಕೊಟ್ಟ ನಿಂಟೆಂಡೊ ಡಿಎಸ್ ಲೈಟ್ ಒಂದಿದೆ. ಚಿಕ್ಕಪ್ಪನ ಮಗಳ ಹತ್ತಿರ ಹಳೇ ಡಿಎಸ್ಐ ಇದೆ, ಕೇಳಿದರೆ ಕೊಡುತ್ತಾಳೆ. ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುವ ಸಣ್ಣ ಆಟವೊಂದನ್ನು ಸಿ ಭಾಷೆಯಲ್ಲಿ, ಲಿಬ್ಎನ್‌ಡಿಎಸ್ ಎಂಬ ಡಿಎಸ್ ಪ್ರೋಗ್ರಾಮಿಂಗ್ ಲೈಬ್ರರಿ ಬಳಸಿ ಬರೆಯುತ್ತಿದ್ದೇನೆ. ಕಂಪ್ಯೂಟರಿನಲ್ಲಿ ಡಿಎಸ್ ಅನ್ನು ಅನುಕರಿಸುವ ಮೆಲನ್‌ಡಿಎಸ್ ಎಮ್ಯುಲೇಟರ್‌ನಲ್ಲಿ ಚೆನ್ನಾಗಿ ಓಡುತ್ತಿದೆ. ಕೈಯಲ್ಲಿ ಹಿಡಿಯುವ ಮೆಶೀನಿನಲ್ಲೇ ಓಡಿಸಬೇಕೆಂದು ಆಸೆ. ಅದಕ್ಕೆ ಫ್ಲ್ಯಾಶ್ ಕಾರ್ಟ್, ಅಂದರೆ ಮೈಕ್ರೋಎಸ್‌ಡಿ ಕಾರ್ಡಿನಲ್ಲಿಟ್ಟ ಪ್ರೋಗ್ರಾಂ ಓಡಿಸುವ ಕಾರ್ಟ್ ಬೇಕಂತೆ. ಆದರೆ ಹುಡುಕಿದರೆ ಆರ್4 ಅನ್ನುವ ಹೆಸರಲ್ಲೇ ಹತ್ತಾರು ಕಾರ್ಟ್ ಕಾಣಿಸುತ್ತವೆ. ಯಾವುದು ಕೊಳ್ಳಲಿ? ಎಷ್ಟು ಜಿಬಿ ಮೆಮೊರಿ ಕಾರ್ಡ್ ಹಾಕಲಿ? ಕೆಳಗಿನ ದೊಡ್ಡ ಸ್ಲಾಟ್‌ಗೂ ಏನಾದರೂ ಬೇಕಾ?

ಉತ್ತರ: ಕಾರ್ಟ್‌ಗಳ ಪಟ್ಟಿ ಪಕ್ಕಕ್ಕಿಡಿ. ನಿಮ್ಮ ಆಟ ಕಾರ್ಟ್‌ನಿಂದ ಏನೇನು ಕೇಳುತ್ತದೆ ಅಂತ ಮೊದಲು ಲೆಕ್ಕ ಹಾಕಿ. ಮಾರುವವರು ಹೊಗಳಿಕೊಳ್ಳುವ ಗುಣಗಳೆಲ್ಲ, ಅಂದರೆ ಹೊಸ ಆಟಗಳೂ ಓಡುತ್ತವೆ, ಚೀಟ್ ಇದೆ, ಸೇವ್ ತಾನೇ ಆಗುತ್ತದೆ ಅನ್ನುವಂಥವು, ಅಂಗಡಿ ಆಟಗಳ ನಕಲನ್ನು ಓಡಿಸುವವರಿಗೆ ಹೇಳಿದ್ದು. ನೀವೇ ಬರೆದ ಆಟಕ್ಕೆ ಅದರಲ್ಲಿ ಒಂದೂ ಉಪಯೋಗಕ್ಕೆ ಬರುವುದಿಲ್ಲ. ಹೋಮ್‌ಬ್ರೂಗೆ, ಅಂದರೆ ಹೀಗೆ ಬಳಕೆದಾರರೇ ಬರೆದುಕೊಂಡ ಪ್ರೋಗ್ರಾಂಗೆ, ಬೇಕಾದ್ದು ಇಷ್ಟು: ಪ್ರೋಗ್ರಾಂ ಮೆಮೊರಿಗೆ ಏರಬೇಕು, ಏರಿದ ಮೇಲೆ ಅದಕ್ಕೆ ಮೈಕ್ರೋಎಸ್‌ಡಿ ಕಾರ್ಡನ್ನು ಓದಲು ಬರೆಯಲು ಆಗಬೇಕು, ತಾನು ಯಾವ ಫೈಲಿನಿಂದ ಬಂದೆ ಎಂಬುದೂ ಅದಕ್ಕೆ ತಿಳಿಯಬೇಕು. ಮೊದಲನೆಯದನ್ನು ಎಲ್ಲ ಕಾರ್ಟ್‌ಗಳೂ ಮಾಡುತ್ತವೆ. ಎರಡನೆಯದನ್ನು ಹೆಚ್ಚಿನವು ಮಾಡುತ್ತವೆ. ಜನ ತಲೆ ಕೆಡಿಸಿಕೊಳ್ಳುವುದು ಮೂರನೆಯದರಲ್ಲಿ.

ನಿಮ್ಮ ಆಟವನ್ನೇ ತೆಗೆದುಕೊಳ್ಳೋಣ. ಡಿಎಸ್ ಲೈಟ್‌ನ ಮುಖ್ಯ ಮೆಮೊರಿ 4 ಎಂಬಿ. ಅಂಗಡಿ ಆಟ ತನಗೆ ಬೇಕಾದ್ದನ್ನು ಬೇಕಾದಾಗ ಕಾರ್ಟ್‌ನಿಂದ ಓದಿಕೊಳ್ಳುತ್ತದೆ. ಹೋಮ್‌ಬ್ರೂನಲ್ಲಿ ಹಾಗಲ್ಲ, ಕಂಪೈಲ್ ಮಾಡುವಾಗ ಬೈನರಿಯೊಳಗೆ ತುಂಬಿದ ಚಿತ್ರ, ಧ್ವನಿ ಎಲ್ಲವೂ ಶುರುವಿನಲ್ಲೇ ಆ 4 ಎಂಬಿಯೊಳಗೆ ಬಂದು ಕೂರುತ್ತವೆ. ಅಕ್ಷರಗಳ ಲೆಕ್ಕ ನೋಡಿ. ಒತ್ತಕ್ಷರ, ಕಾಗುಣಿತ ಜೋಡಿಸಿ ಬರೆಯುವ ವ್ಯವಸ್ಥೆ ಲಿಬ್ಎನ್‌ಡಿಎಸ್‌ನಲ್ಲಿ ಇಲ್ಲ. ಹಾಗಾಗಿ ಪ್ರತಿ ರೂಪವನ್ನೂ ಕಂಪ್ಯೂಟರಿನಲ್ಲೇ ಚಿತ್ರ ಮಾಡಿಟ್ಟುಕೊಳ್ಳಬೇಕು. 34 ವ್ಯಂಜನಕ್ಕೆ ತಲಾ 15 ರೂಪ ಹಿಡಿದರೆ 510 ಚಿತ್ರ. 32 ಪಿಕ್ಸೆಲ್ ಅಗಲ, 32 ಎತ್ತರ, 16 ಬಣ್ಣ ಇಟ್ಟುಕೊಂಡರೆ ಒಂದಕ್ಕೆ 512 ಬೈಟ್, ಒಟ್ಟು 255 ಕೆಬಿ. ಇದು ದೊಡ್ಡ ಭಾರವಲ್ಲ. ವರ್ಣಮಾಲೆಯ 49 ಅಕ್ಷರಗಳ ಉಚ್ಚಾರಣೆ, ತಲಾ ಒಂದು ಸೆಕೆಂಡು, 22,050 ಹರ್ಟ್ಸ್, 8 ಬಿಟ್ ಅಂದರೆ ಸುಮಾರು 1 ಎಂಬಿ. ಡಿಎಸ್‌ನ ಸೌಂಡ್ ಹಾರ್ಡ್‌ವೇರ್‌ಗೆ ಐಎಂಎ-ಎಡಿಪಿಸಿಎಂ ನೇರವಾಗಿ ಗೊತ್ತು, ಅದಕ್ಕೆ ಬದಲಾಯಿಸಿದರೆ ಅರ್ಧ ಎಂಬಿ ಸಾಕು. ಇಲ್ಲಿಯವರೆಗೆ ಪರವಾಗಿಲ್ಲ. ಆದರೆ "ಅ" ಅಂದರೆ ಅರಸ, "ಆ" ಅಂದರೆ ಆನೆ ಅಂತ ತೆರೆ ತುಂಬುವ 16 ಬಿಟ್ ಚಿತ್ರ ಹಾಕಲು ಹೊರಟರೆ ಒಂದೊಂದಕ್ಕೂ 96 ಕೆಬಿ ಹೋಗುತ್ತದೆ. ಮೂವತ್ತು ಚಿತ್ರಕ್ಕೇ 2.8 ಎಂಬಿ. ಅಲ್ಲಿಗೆ ಜಾಗ ಮುಗಿಯಿತು.

ಇಲ್ಲಿ ನಿಮಗೆ ಎರಡು ದಾರಿ. ಚಿತ್ರಗಳನ್ನು 256 ಬಣ್ಣಕ್ಕೆ ಇಳಿಸಿ, ಕಂಪ್ರೆಸ್ ಮಾಡಿ, ಎಲ್ಲವನ್ನೂ ಬೈನರಿಯೊಳಗೇ ತುರುಕಿದರೆ ನಿಮ್ಮ ಆಟ ಹೆಚ್ಚುಕಮ್ಮಿ ಯಾವ ಕಾರ್ಟ್‌ನಲ್ಲಾದರೂ ಓಡುತ್ತದೆ. ಸಿಕ್ಕ ಅಗ್ಗದ್ದನ್ನು ತಂದರೂ ನಡೆಯುತ್ತದೆ. ಅದು ಬೇಡ, ಚಿತ್ರ ಧ್ವನಿಗಳನ್ನು ನೈಟ್ರೋಎಫ್ಎಸ್‌ನಲ್ಲಿ, ಅಂದರೆ ಆಟದ ಫೈಲಿಗೇ ಸೇರಿಸಿದ ಫೈಲುಗಳ ಕಟ್ಟಿನಲ್ಲಿ, ಇಟ್ಟು ಬೇಕಾದಾಗ ಓದಿಕೊಳ್ಳುತ್ತೇನೆ ಅಂದರೆ ಮುಂದಿನ ಎರಡು ವಿಷಯ ನಿಮಗೆ ಗೊತ್ತಿರಲೇಬೇಕು.

ಒಂದು, ಡಿಎಲ್‌ಡಿಐ. ಒಂದೊಂದು ಕಾರ್ಟ್ ಮೈಕ್ರೋಎಸ್‌ಡಿಯ ಜೊತೆ ಮಾತಾಡುವ ರೀತಿ ಒಂದೊಂದು ಥರ. ಪ್ರತಿ ಕಾರ್ಟ್‌ಗೂ ಬೇರೆ ಬೇರೆ ಕಂಪೈಲ್ ಮಾಡುವ ಗೋಳು ತಪ್ಪಿಸಲು, ಪ್ರೋಗ್ರಾಂನೊಳಗೆ ಡ್ರೈವರ್‌ಗೆಂದು ಸ್ವಲ್ಪ ಖಾಲಿ ಜಾಗ ಬಿಡುತ್ತಾರೆ. ಆಟ ಶುರು ಮಾಡುವಾಗ ಕಾರ್ಟ್‌ನ ಮೆನು ತನ್ನ ಡ್ರೈವರ್ ಅನ್ನು ಆ ಜಾಗದಲ್ಲಿ ಕೂರಿಸುತ್ತದೆ. ಇದಕ್ಕೆ ಆಟೋ ಡಿಎಲ್‌ಡಿಐ ಪ್ಯಾಚಿಂಗ್ ಅನ್ನುತ್ತಾರೆ. ತೀರಾ ಹಳೇ ಕಾರ್ಟ್‌ಗಳ ಮೆನು ಇದನ್ನು ಮಾಡುವುದಿಲ್ಲ. ಆಗ ಕಂಪ್ಯೂಟರಿನಲ್ಲಿ ಡಿಎಲ್‌ಡಿಐಟೂಲ್ ಎಂಬ ಪುಟ್ಟ ಸಾಧನಕ್ಕೆ ಮೊದಲು ಕಾರ್ಟ್‌ನ ಡಿಎಲ್‌ಡಿಐ ಫೈಲ್, ಆಮೇಲೆ ಆಟದ ಫೈಲ್ ಕೊಟ್ಟು ಕೈಯಾರೆ ಪ್ಯಾಚ್ ಮಾಡಬೇಕು. ಡ್ರೈವರ್ ದೊಡ್ಡದಾಗಿ, ಬಿಟ್ಟ ಜಾಗ ಚಿಕ್ಕದಾದರೆ ಪ್ಯಾಚ್ ಕೂರುವುದಿಲ್ಲ. ಡ್ರೈವರ್ ಸರಿಯಾಗಿ ಕೂರದೆ ಇದ್ದರೆ ಮೈಕ್ರೋಎಸ್‌ಡಿಯನ್ನು ತೆರೆಯುವ ಫ್ಯಾಟ್‌ಇನಿಟ್‌ಡಿಫಾಲ್ಟ್ ಫಂಕ್ಷನ್ ಸುಳ್ಳು ಅಂತ ವಾಪಸು ಕೊಡುತ್ತದೆ. ಬಹಳ ಮಂದಿ ಆ ಉತ್ತರವನ್ನು ನೋಡುವುದೇ ಇಲ್ಲ. ನೋಡಿ, ತೆರೆಯ ಮೇಲೆ ಒಂದು ಸಾಲು ಬರೆಸಿ.

ಎರಡನೆಯದು ಆರ್ಗ್‌ವಿ, ಅಂದರೆ ಶುರುವಾಗುವಾಗ ಪ್ರೋಗ್ರಾಂ ಕೈಗೆ ಸಿಗುವ ಮಾಹಿತಿಯ ಪಟ್ಟಿ. ನೈಟ್ರೋಎಫ್ಎಸ್‌ನಲ್ಲಿ ನಿಮ್ಮ ಚಿತ್ರಗಳು ಆಟದ ಎನ್‌ಡಿಎಸ್ ಫೈಲಿನ ಬಾಲಕ್ಕೇ ಅಂಟಿಕೊಂಡಿರುತ್ತವೆ. ಅವನ್ನು ಓದಬೇಕಾದರೆ ಆ ಫೈಲ್ ಮೈಕ್ರೋಎಸ್‌ಡಿಯಲ್ಲಿ ಯಾವ ಫೋಲ್ಡರಿನಲ್ಲಿದೆ, ಹೆಸರೇನು ಎಂದು ಪ್ರೋಗ್ರಾಂಗೆ ಗೊತ್ತಾಗಬೇಕಲ್ಲ? ಅದನ್ನು ಹೇಳಬೇಕಾದದ್ದು ಶುರು ಮಾಡಿದ ಮೆನು, ಆರ್ಗ್‌ವಿಯ ಮೊದಲ ಸ್ಥಾನದಲ್ಲಿ. ಹಳೇ ಮೆನುಗಳು ಹೇಳುವುದೇ ಇಲ್ಲ. ಎಮ್ಯುಲೇಟರ್ ಇಡೀ ಫೈಲನ್ನೇ ಒಂದು ಅಸಲಿ ಕಾರ್ಟ್ ಎಂಬಂತೆ ತೋರಿಸುತ್ತದೆ, ಅದಕ್ಕೇ ಅಲ್ಲಿ ನೈಟ್ರೋಎಫ್ಎಸ್ ಸಲೀಸಾಗಿ ತೆರೆದುಕೊಳ್ಳುತ್ತದೆ. ಮೆಶೀನಿಗೆ ಹಾಕಿದರೆ ಖಾಲಿ ತೆರೆ. ಕಾರ್ಟ್ ಕೆಟ್ಟಿದೆ ಅಂತ ವಾಪಸು ಕಳಿಸುವವರಲ್ಲಿ ಬಹಳಷ್ಟು ಜನರ ನಿಜವಾದ ತೊಂದರೆ ಇದೇ.

ಇದಕ್ಕೆ ಮದ್ದು ಸುಲಭ. ಡೆವ್‌ಕಿಟ್‌ಪ್ರೊ ತಂಡದ ಹೋಮ್‌ಬ್ರೂ ಮೆನು ಇದೆ, ಅಥವಾ ಟ್ವೈಲೈಟ್ ಮೆನು ಪ್ಲಸ್ ಪ್ಲಸ್ ಇದೆ. ಕಾರ್ಟ್‌ನ ಮೆನುವಿನಿಂದ ಇವುಗಳಲ್ಲಿ ಒಂದನ್ನು ತೆರೆದು, ಅದರೊಳಗಿಂದ ನಿಮ್ಮ ಆಟವನ್ನು ಶುರು ಮಾಡಿ. ಆರ್ಗ್‌ವಿಯನ್ನೂ ಡಿಎಲ್‌ಡಿಐಯನ್ನೂ ಇವು ಸರಿಯಾಗಿ ದಾಟಿಸುತ್ತವೆ. ಮೊದಲನೆಯದರ ಜಿಪ್ ಫೈಲಿನಲ್ಲಿ ಬೇರೆ ಬೇರೆ ಕಾರ್ಟ್‌ಗಳಿಗೆಂದು ಬೇರೆ ಬೇರೆ ಶುರು-ಫೈಲುಗಳೂ ಇರುತ್ತವೆ. ನಿಮ್ಮ ಕಾರ್ಟ್‌ನದು ಅದರಲ್ಲಿದ್ದರೆ ಕಂಪನಿಯ ಮೆನುವನ್ನೇ ತೆಗೆದುಹಾಕಿ ಇದನ್ನು ಕೂರಿಸಬಹುದು. ನನ್ನ ಮಟ್ಟಿಗೆ ಕಾರ್ಟ್ ಆರಿಸುವ ಪ್ರಶ್ನೆ ಇಲ್ಲಿಗೇ ಬಂದು ನಿಲ್ಲುತ್ತದೆ: ಮೇಲಿನ ಸ್ಟಿಕರ್ ಏನೇ ಹೇಳಲಿ, ಒಳಗಿನ ಮೆನುವನ್ನು ಬದಲಾಯಿಸಲು ಆಗುತ್ತದೆಯೇ? ಆಗುವುದಾದರೆ ಕೊಳ್ಳಿ.

ಸ್ಟಿಕರ್ ನಂಬಬಾರದು ಅನ್ನುವುದಕ್ಕೆ ಹಿನ್ನೆಲೆ ಇದೆ. 2009ರ ಫೆಬ್ರವರಿಯಲ್ಲಿ ಟೋಕಿಯೊ ಜಿಲ್ಲಾ ನ್ಯಾಯಾಲಯ ಆರ್4 ಥರದ ಕಾರ್ಟ್‌ಗಳ ಮಾರಾಟಕ್ಕೆ ತಡೆ ಹಾಕಿತು. 2010ರಲ್ಲಿ ಲಂಡನ್ ಹೈಕೋರ್ಟೂ ಅದೇ ದಾರಿ ಹಿಡಿಯಿತು. ಆರ್4 ಎಂಬ ಹೆಸರಿಗೆ ಇವತ್ತು ಹೇಳುವವರು ಕೇಳುವವರು ಯಾರೂ ಇಲ್ಲ, ಯಾರು ಬೇಕಾದರೂ ಅಚ್ಚು ಹಾಕಿಸಿಕೊಳ್ಳುತ್ತಾರೆ. ಹಾಗಾಗಿ ಒಂದೇ ಥರದ ಸ್ಟಿಕರಿನ ಕೆಳಗೆ ಬೇರೆ ಬೇರೆ ಚಿಪ್ ಇರುತ್ತವೆ, ಬೇರೆ ಬೇರೆ ಸ್ಟಿಕರಿನ ಕೆಳಗೆ ಒಂದೇ ಚಿಪ್ ಇರುವುದೂ ಉಂಟು. ಮುಂದೆ ದೊಡ್ಡದಾಗಿ ಅಚ್ಚಾದ ವರ್ಷ ಬರೀ ಅಲಂಕಾರ. ನೋಡಬೇಕಾದ್ದು ಸ್ಟಿಕರಿನ ಮೇಲೆ ಸಣ್ಣಕ್ಷರದಲ್ಲಿರುವ ವೆಬ್‌ಸೈಟ್ ವಿಳಾಸ. ಕಾರ್ಟ್ ಯಾವ ವಂಶದ್ದು, ಯಾವ ಕರ್ನಲ್ ಹೊಂದುತ್ತದೆ ಎಂದು ತಿಳಿಯಲು ಸಾಮಾನ್ಯವಾಗಿ ಅದೊಂದೇ ಸುಳಿವು. ಕರ್ನಲ್ ಅಂದರೆ ಇಲ್ಲಿ ಮೈಕ್ರೋಎಸ್‌ಡಿಯಲ್ಲಿ ಕೂರುವ ಮೆನು ಫೈಲುಗಳ ಕಟ್ಟು. ಕಾರ್ಟ್‌ನೊಳಗೆ ಇರುವುದು ಅದನ್ನು ಎಬ್ಬಿಸುವ ಸಣ್ಣ ಲೋಡರ್ ಮಾತ್ರ.

ಇನ್ನು ಹೆಸರುಗಳಿಗೆ ಬರೋಣ. ಏಸ್3ಡಿಎಸ್ ಪ್ಲಸ್ ಅಥವಾ ಅದರ ಸೋದರ ಆರ್4ಐಎಲ್ಎಸ್ ಸಿಕ್ಕರೆ ಬೇರೆ ಯೋಚನೆ ಬೇಡ. ಆರ್4ಐಡಿಎಸ್ ಡಾಟ್ ಸಿಎನ್ ವಿಳಾಸವಿರುವ ಆರ್4ಐ ಗೋಲ್ಡ್ 3ಡಿಎಸ್ ಪ್ಲಸ್ ಕೂಡ ಒಳ್ಳೆಯದೇ. ಇವೆಲ್ಲಕ್ಕೂ ವುಡ್ ಎಂಬ ಕರ್ನಲ್ ಒಗ್ಗುತ್ತದೆ. ಅದು 1.62ನೇ ಆವೃತ್ತಿಗೆ ನಿಂತಿದೆ, ಆದರೆ ಹೋಮ್‌ಬ್ರೂ ಮಟ್ಟಿಗೆ ಅಷ್ಟು ಸಾಕು. ಹಳೇ ಸಾಮಾನು ಮಾರುವವರ ಹತ್ತಿರ ಏಸ್‌ಕಾರ್ಡ್ 2ಐ ಕಂಡರೆ ಬಿಡಬೇಡಿ, ಅದರ ಎಕೆಎಐಒ ಕರ್ನಲ್ ಇವತ್ತಿಗೂ ಗಟ್ಟಿ. ಈಝಡ್-ಫ್ಲ್ಯಾಶ್ ಪ್ಯಾರಲಲ್‌ಗೆ ಹೆಸರು ಹೇಳಿಕೊಳ್ಳುವ ತಯಾರಕರಿದ್ದಾರೆ ಅನ್ನುವುದೇ ಒಂದು ಸಮಾಧಾನ.

ಅಗ್ಗದಲ್ಲಿ ಎಲ್ಲೆಲ್ಲೂ ಸಿಗುವುದು ಆರ್4ಐ-ಎಸ್‌ಡಿಎಚ್‌ಸಿ ವಂಶದ್ದು. ಇವುಗಳಲ್ಲಿ ಬಹುಪಾಲು ಡಿಎಸ್‌ಟಿಟಿ ಎಂಬ ಹಳೇ ಕಾರ್ಟ್‌ನ ನಕಲು. ಹಾರ್ಡ್‌ವೇರ್ ಅಷ್ಟೇನೂ ಕೆಟ್ಟದ್ದಲ್ಲ. ಜೊತೆಗೆ ಬರುವ ಕರ್ನಲ್‌ನಲ್ಲಿ ಮಾತ್ರ ಕಿತಾಪತಿ ಇದೆ: 2014ರ ಈಚಿನ ಹಲವಕ್ಕೆ ದಿನಾಂಕದ ಬೀಗ ಹಾಕಿದ್ದಾರೆ, ಟೈಮ್‌ಬಾಂಬ್ ಅಂತಲೇ ಹೆಸರು. ಮೆಶೀನಿನ ಗಡಿಯಾರ ಆ ದಿನಾಂಕ ದಾಟಿದ ಮೇಲೆ ಮೆನು ತೆರೆಯುತ್ತದೆ, ಆಟ ಶುರುವಾಗುವುದಿಲ್ಲ. ಹೊಸ ಕಾರ್ಟ್ ಮಾರುವ ಉಪಾಯ ಅಷ್ಟೇ. ಗಡಿಯಾರವನ್ನು ಕೆಲವು ವರ್ಷ ಹಿಂದಕ್ಕೆ ತಿರುಗಿಸಿದಾಗ ಆಟ ಶುರುವಾದರೆ ರೋಗ ಅದೇ ಎಂದು ಖಾತ್ರಿ. ಕರ್ನಲ್ ಬದಲಾಯಿಸಿದರೆ ಬೀಗವೂ ಹೋಗುತ್ತದೆ. ಹಾಗಾಗಿ ಇದನ್ನು ಕೊಳ್ಳಲೇಬೇಡಿ ಅನ್ನಲಾರೆ, ಆದರೆ ಬಂದ ದಿನವೇ ಮೂಲ ಕರ್ನಲ್ ಅಳಿಸಿ.

ಬೇಡವೇ ಬೇಡ ಅನ್ನುವುದು ಎರಡು. ಮೊದಲ ಪೀಳಿಗೆಯ ಅಸಲಿ ಆರ್4, ಅದು 2 ಜಿಬಿ ದಾಟಿದ ಕಾರ್ಡ್ ಓದುವುದಿಲ್ಲ. ಹಳೇ ಎಸ್‌ಡಿ ಕಾರ್ಡಿಗೆ ವಿಳಾಸ ಹೇಳುವುದು ಬೈಟ್ ಲೆಕ್ಕದಲ್ಲಿ, 4 ಜಿಬಿಯಿಂದ ಶುರುವಾಗುವ ಎಸ್‌ಡಿಎಚ್‌ಸಿಗೆ 512 ಬೈಟಿನ ಬ್ಲಾಕ್ ಲೆಕ್ಕದಲ್ಲಿ. ಆ ಕಾರ್ಟ್ ತಯಾರಾದಾಗ ಎರಡನೆಯ ಲೆಕ್ಕ ಅದರೊಳಗೆ ಬರೆದೇ ಇರಲಿಲ್ಲ. ಇನ್ನೊಂದು ಸೂಪರ್‌ಕಾರ್ಡ್ ಡಿಎಸ್‌ಟೂ. ಅದರೊಳಗೆ ಸ್ವಂತ ಪ್ರೊಸೆಸರ್, ಸ್ವಂತ ಮೆಮೊರಿ ಇವೆ, ನೋಡಲು ಚೆಂದ. ತಯಾರಿಕೆ ನಿಂತು ಬಹಳ ಕಾಲವಾಯಿತು, ಸಂಗ್ರಹ ಮಾಡುವವರು ಬೆಲೆ ಏರಿಸಿಟ್ಟಿದ್ದಾರೆ. ನಿಮ್ಮ ಅಕ್ಷರದ ಆಟಕ್ಕೆ ಅದರ ಒಂದು ಗುಣವೂ ಬೇಡ.

ಬೆಸುಗೆ ಹಾಕುವ ಅಭ್ಯಾಸ ನಿಮಗಿದ್ದರೆ ಡಿಎಸ್‌ಪಿಕೊ ಎಂಬ ಯೋಜನೆಯನ್ನು ಒಮ್ಮೆ ನೋಡಿ. ಆರ್‌ಪಿ2040 ಚಿಪ್ ಇಟ್ಟು ಮಾಡಿದ ಕಾರ್ಟ್, ಹಾರ್ಡ್‌ವೇರ್ ನಕ್ಷೆಯಿಂದ ಫರ್ಮ್‌ವೇರ್‌ವರೆಗೆ ಎಲ್ಲ ಬಹಿರಂಗ. ಮೊದಲ ಕಾರ್ಟ್ ಆಗಿ ಮಾತ್ರ ಬೇಡ. ಆಟ ಓಡದಿದ್ದಾಗ ತಪ್ಪು ನಿಮ್ಮ ಕೋಡಿನದೋ ನಿಮ್ಮ ಬೆಸುಗೆಯದೋ ಗೊತ್ತಾಗುವುದಿಲ್ಲ.

ಮೈಕ್ರೋಎಸ್‌ಡಿ ವಿಷಯ. 4 ಅಥವಾ 8 ಜಿಬಿ ಸಾಕು, 32 ಜಿಬಿ ಮೇಲೆ ಹೋಗಬೇಡಿ. 64 ಜಿಬಿಯಿಂದ ಮೇಲಿನ ಕಾರ್ಡ್‌ಗಳು ಎಕ್ಸ್‌ಫ್ಯಾಟ್ ಎಂಬ ಫೈಲ್ ವ್ಯವಸ್ಥೆಯಲ್ಲಿ ಬರುತ್ತವೆ. ಈ ಕರ್ನಲ್‌ಗಳಿಗೆ ಗೊತ್ತಿರುವುದು ಫ್ಯಾಟ್32. ಬೆಂಗಳೂರಿನ ಎಸ್‌ಪಿ ರೋಡಿನಲ್ಲಾಗಲಿ ಆನ್‌ಲೈನಿನಲ್ಲಾಗಲಿ ತೀರಾ ಅಗ್ಗಕ್ಕೆ ಸಿಕ್ಕ ಕಾರ್ಡಿನ ಮೇಲೆ ಬರೆದ ಅಳತೆಯನ್ನು ನಂಬಬೇಡಿ. 4 ಜಿಬಿಯದನ್ನು 32 ಅಂತ ತೋರಿಸುವ ನಕಲಿ ಕಾರ್ಡ್‌ಗಳಿವೆ. ಅವು ಮೊದಲ 4 ಜಿಬಿ ತುಂಬುವವರೆಗೆ ಸರಿಯಾಗಿಯೇ ಇದ್ದು ಆಮೇಲೆ ಸದ್ದಿಲ್ಲದೆ ಫೈಲ್ ಕೆಡಿಸುತ್ತವೆ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಎಫ್3 ಓಡಿಸಿ, ಕಾರ್ಡ್ ಪೂರ್ತಿ ಬರೆದು ಓದಿ ನೋಡಿ. ಸಮಯ ಹಿಡಿಯುತ್ತದೆ, ಆದರೆ ಆಮೇಲೆ ವಾರಗಟ್ಟಲೆ ಕೋಡಿನಲ್ಲಿ ಇಲ್ಲದ ತಪ್ಪು ಹುಡುಕುವುದು ತಪ್ಪುತ್ತದೆ.

ಪರೀಕ್ಷೆ ಮುಗಿದ ಮೇಲೆ ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಅಲೊಕೇಶನ್ ಯೂನಿಟ್ 32 ಕೆಬಿ ಇಡಿ. ಕರ್ನಲ್ ಜಿಪ್ ಬಿಚ್ಚಿದಾಗ ಸಾಮಾನ್ಯವಾಗಿ ಒಂದು ಫೋಲ್ಡರ್ ಬರುತ್ತದೆ. ಆ ಫೋಲ್ಡರನ್ನು ಹಾಗೇ ಎತ್ತಿ ಹಾಕಬೇಡಿ, ಅದರೊಳಗಿರುವುದನ್ನೆಲ್ಲ ಕಾರ್ಡಿನ ಮೊದಲ ಹಂತಕ್ಕೇ ನಕಲಿಸಿ. ಕಪ್ಪು ಅಥವಾ ಬಿಳಿ ತೆರೆಯ ಮೇಲೆ ಬರೀ "ಮೆನು?" ಎಂಬಂಥ ಪದ ಬಂದು ನಿಂತರೆ ಲೋಡರ್‌ಗೆ ಕರ್ನಲ್ ಫೈಲ್ ಸಿಕ್ಕಿಲ್ಲ ಎಂದರ್ಥ: ತಪ್ಪು ಜಾಗದಲ್ಲಿಟ್ಟಿದ್ದೀರಿ, ಬೇರೆ ವಂಶದ ಕರ್ನಲ್ ಹಾಕಿದ್ದೀರಿ, ಇಲ್ಲವೇ ಕಾರ್ಡ್ ಅದಕ್ಕೆ ಓದಲು ಬರುತ್ತಿಲ್ಲ. ಹೋಮ್‌ಬ್ರೂ ಮೆನುವಿನ ಬೂಟ್ ಎನ್‌ಡಿಎಸ್ ಫೈಲನ್ನೂ ಮೊದಲ ಹಂತದಲ್ಲೇ ಇಡಿ. ನಿಮ್ಮ ಆಟಗಳಿಗೆ ಒಂದು ಬೇರೆ ಫೋಲ್ಡರ್ ಮಾಡಿ, ಫೈಲ್ ಹೆಸರು ಮಾತ್ರ ಚಿಕ್ಕದಾಗಿ ಇಂಗ್ಲಿಷ್ ಅಕ್ಷರದಲ್ಲೇ ಇರಲಿ. ಹಳೇ ಮೆನುಗಳಿಗೆ ಕನ್ನಡ ಹೆಸರು ತೋರಿಸಲು ಬಾರದು. ಮ್ಯಾಕ್ ಬಳಸುವವರಿಗೆ ಇನ್ನೊಂದು ಕಾಟ: ಪ್ರತಿ ಆಟದ ಜೊತೆ ಡಾಟ್-ಅಂಡರ್‌ಸ್ಕೋರ್‌ನಿಂದ ಶುರುವಾಗುವ ಒಂದು ಸಣ್ಣ ಫೈಲ್ ಮೆನುವಿನಲ್ಲಿ ಕಾಣಿಸುತ್ತದೆ, ಅದನ್ನು ಒತ್ತಿದರೆ ಮೆಶೀನು ನಿಂತುಬಿಡುತ್ತದೆ. ಡಾಟ್_ಕ್ಲೀನ್ ಆಜ್ಞೆ ಅವನ್ನು ಗುಡಿಸಿಹಾಕುತ್ತದೆ.

ಇಷ್ಟಾದ ಮೇಲೂ ಎರಡೂ ತೆರೆ ಬಿಳಿಯಾಗಿ ನಿಂತರೆ? ಆಟದ ಎನ್‌ಡಿಎಸ್ ಫೈಲನ್ನು ಕಟ್ಟುವ ಎನ್‌ಡಿಎಸ್‌ಟೂಲ್‌ನ ಈಚಿನ ಆವೃತ್ತಿಗಳು ಡಿಎಸ್ಐಗೂ ಹೊಂದುವ ಉದ್ದನೆಯ ಹೆಡರ್ (ಫೈಲಿನ ಶುರುವಿನ ವಿವರಪಟ್ಟಿ) ಹಾಕುತ್ತವೆ, ಹೆಕ್ಸ್ ಲೆಕ್ಕದಲ್ಲಿ 4000 ಬೈಟ್. ಕೆಲವು ಹಳೇ ಕರ್ನಲ್‌ಗಳಿಗೆ ಗೊತ್ತಿರುವುದು ಹೆಕ್ಸ್ 200 ಬೈಟಿನ ಹೆಡರ್ ಮಾತ್ರ. ಎನ್‌ಡಿಎಸ್‌ಟೂಲ್‌ಗೆ ಹೆಡರ್ ಅಳತೆಯನ್ನು ನೀವೇ ಹೇಳಿ ಇನ್ನೊಮ್ಮೆ ಕಟ್ಟಿ, ಇಲ್ಲವೇ ಹೋಮ್‌ಬ್ರೂ ಮೆನುವಿನಿಂದ ಶುರು ಮಾಡಿ. ಆಟ ಶುರುವಾಗಿ ನಡುವೆ ನಿಂತರೆ ತಪ್ಪು ನಿಮ್ಮ ಕೋಡಿನಲ್ಲೇ ಇದೆ ಎಂದುಕೊಳ್ಳಿ. ಮೇನ್ ಫಂಕ್ಷನ್ನಿನ ಮೊದಲ ಸಾಲಿನಲ್ಲೇ ಡಿಫಾಲ್ಟ್‌ಎಕ್ಸೆಪ್ಶನ್‌ಹ್ಯಾಂಡ್ಲರ್ ಕರೆದಿಡಿ. ಆಗ ಸುಮ್ಮನೆ ನಿಲ್ಲುವ ಬದಲು ಕೆಂಪು ತೆರೆಯ ಮೇಲೆ ಗುರು ಮೆಡಿಟೇಶನ್ ಎರರ್ ಅಂತ ಬರೆದು, ಯಾವ ವಿಳಾಸದಲ್ಲಿ ಬಿದ್ದಿತು ಎಂದು ತೋರಿಸುತ್ತದೆ.

ಎಮ್ಯುಲೇಟರಿನಲ್ಲಿ ಸರಿ, ಮೆಶೀನಿನಲ್ಲಿ ಅಕ್ಷರಗಳು ಚಿಂದಿ ಚಿಂದಿ ಅನ್ನುವ ದೂರು ಬಹಳ ಸಾಮಾನ್ಯ. ಕಾರಣ ಹೆಚ್ಚಾಗಿ ಡಿಎಂಎ, ಅಂದರೆ ಪ್ರೊಸೆಸರ್ ಕೈ ಹಾಕದೆ ಮೆಮೊರಿಯಿಂದ ಮೆಮೊರಿಗೆ ಸಾಗಿಸುವ ಹಾರ್ಡ್‌ವೇರ್. ನೀವು ಮೆಮೊರಿಗೆ ಬರೆದದ್ದು ಇನ್ನೂ ಡಿಎಸ್‌ನ ಮುಖ್ಯ ಪ್ರೊಸೆಸರ್ ಎಆರ್‌ಎಂ9ರ ಡೇಟಾ ಕ್ಯಾಶ್‌ನಲ್ಲೇ, ಅಂದರೆ ಅದರೊಳಗಿನ ತಾತ್ಕಾಲಿಕ ಮೆಮೊರಿಯಲ್ಲೇ, ಇರುತ್ತದೆ. ಡಿಎಂಎ ಕ್ಯಾಶನ್ನು ನೋಡುವುದಿಲ್ಲ, ಮುಖ್ಯ ಮೆಮೊರಿಯಲ್ಲಿರುವ ಹಳೇ ಕಸವನ್ನೇ ವಿಡಿಯೊ ಮೆಮೊರಿಗೆ ಸಾಗಿಸುತ್ತದೆ. ಹೆಚ್ಚಿನ ಎಮ್ಯುಲೇಟರ್‌ಗಳು ಈ ಕ್ಯಾಶನ್ನು ಅನುಕರಿಸುವುದಿಲ್ಲವಾದ್ದರಿಂದ ಅಲ್ಲಿ ತಪ್ಪು ಕಾಣುವುದಿಲ್ಲ. ಡಿಎಂಎಗೆ ಮುಂಚೆ ಡಿಸಿ_ಫ್ಲಶ್‌ರೇಂಜ್ ಕರೆಯಿರಿ. ವಿಡಿಯೊ ಮೆಮೊರಿಗೆ ಒಂದೊಂದೇ ಬೈಟ್ ಬರೆಯಬೇಡಿ, ಹಾರ್ಡ್‌ವೇರ್ ಅದನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ, 16 ಅಥವಾ 32 ಬಿಟ್ ಆಗಿ ಬರೆಯಿರಿ. ಫಂಕ್ಷನ್ನಿನೊಳಗೆ ಘೋಷಿಸಿದ್ದು ಕೂರುವ ಸ್ಟ್ಯಾಕ್ ಇರುವುದು ಪ್ರೊಸೆಸರಿನದೇ ಆದ 16 ಕೆಬಿಯ ಡಿಟಿಸಿಎಂ ಮೆಮೊರಿಯಲ್ಲಿ, ಅಲ್ಲಿಗೆ ಡಿಎಂಎ ತಲುಪುವುದೂ ಇಲ್ಲ. ಫಂಕ್ಷನ್ನಿನೊಳಗೆ ದೊಡ್ಡ ಅರೇ ಘೋಷಿಸಿ ಅದರಿಂದ ಡಿಎಂಎ ಮಾಡಲು ಹೋದರೆ ಎರಡು ತಪ್ಪು ಒಟ್ಟಿಗೆ ಆಗುತ್ತವೆ. ಇಂಥದಕ್ಕೆಲ್ಲ ಕಾರ್ಟ್ ಬದಲಾಯಿಸಿ ಪ್ರಯೋಜನವಿಲ್ಲ.

ಮಗುವಿನ ಅಂಕಗಳನ್ನು ಉಳಿಸಲು ಮೈಕ್ರೋಎಸ್‌ಡಿಯಲ್ಲಿ ಒಂದು ಸಾಮಾನ್ಯ ಫೈಲ್ ಬರೆದರೆ ಆಯಿತು, ಕಾರ್ಟ್‌ನ ಸೇವ್ ವ್ಯವಸ್ಥೆಯ ತಂಟೆಗೆ ಹೋಗಬೇಡಿ. ಬರೆದ ತಕ್ಷಣ ಎಫ್‌ಕ್ಲೋಸ್ ಮಾಡಿ. ಫೈಲ್ ತೆರೆದಿಟ್ಟುಕೊಂಡೇ ಆಟ ಮುಂದುವರಿಸಿದರೆ ಮಗು ಪವರ್ ಬಟನ್ ಒತ್ತಿದ ಕ್ಷಣಕ್ಕೆ ಫೈಲ್ ಹಾಳು, ಕೆಲವೊಮ್ಮೆ ಇಡೀ ಫೋಲ್ಡರಿನ ಪಟ್ಟಿಯೇ ಹಾಳು.

ಪ್ರತಿ ಬದಲಾವಣೆಗೂ ಮೈಕ್ರೋಎಸ್‌ಡಿ ಕಿತ್ತು ಕಂಪ್ಯೂಟರಿಗೆ ಹಾಕುವುದು ಬೇಗನೆ ಬೇಜಾರು ಹಿಡಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಅಗ್ಗದ ಕಾರ್ಟ್‌ನಲ್ಲಿ ಮೊದಲು ಸಾಯುವುದು ಕಾರ್ಡ್ ಹಿಡಿಯುವ ಆ ಪುಟ್ಟ ಸ್ಪ್ರಿಂಗ್. ಡಿಎಸ್‌ಲಿಂಕ್ ಬಳಸಿದರೆ ವೈಫೈ ಮೂಲಕವೇ ಆಟವನ್ನು ಕಳಿಸಬಹುದು: ಡಿಎಸ್‌ನಲ್ಲಿ ಡಿಎಸ್‌ಲಿಂಕ್ ತೆರೆದಿಡಿ, ಕಂಪ್ಯೂಟರಿನಿಂದ ಫೈಲ್ ತಳ್ಳಿ. ಡಿಎಸ್ ಲೈಟ್‌ಗೆ ಗೊತ್ತಿರುವ ವೈಫೈ ಮಾತ್ರ ತೀರಾ ಹಳೆಯದು, 802.11ಬಿ, ಭದ್ರತೆಯಲ್ಲಿ ಡಬ್ಲ್ಯೂಇಪಿ ಅಥವಾ ಏನೂ ಇಲ್ಲ. ಮನೆಯ ಫೈಬರ್ ರೂಟರ್‌ಗೆ ಅದು ಸೇರುವುದಿಲ್ಲ. ಫೋನಿನ ಹಾಟ್‌ಸ್ಪಾಟನ್ನು 2.4 ಗಿಗಾಹರ್ಟ್ಸ್‌ಗಿಟ್ಟು, ಪಾಸ್‌ವರ್ಡ್ ತೆಗೆದು ಪ್ರಯತ್ನಿಸಿ. ಕೆಲಸ ಮುಗಿದ ಕೂಡಲೇ ಆಫ್ ಮಾಡಿ, ಇಲ್ಲದಿದ್ದರೆ ನಿಮ್ಮ ಡೇಟಾ ಪಕ್ಕದ ಮನೆಯವರ ಪಾಲು.

ಈಗ ಆ ಡಿಎಸ್ಐ. ಚಿಕ್ಕಪ್ಪನ ಮಗಳು ನಿಜವಾಗಿ ಕೊಡುವುದಾದರೆ ನಿಮಗೆ ಕಾರ್ಟೇ ಬೇಡ. ಡಿಎಸ್ಐ ಪಕ್ಕದಲ್ಲಿ ಎಸ್‌ಡಿ ಸ್ಲಾಟ್ ಇದೆ, 16 ಎಂಬಿ ಮೆಮೊರಿ ಇದೆ, ಪ್ರೊಸೆಸರ್ ವೇಗ ಡಿಎಸ್‌ನ 67 ಮೆಗಾಹರ್ಟ್ಸ್‌ನ ಎರಡರಷ್ಟು. ಅದಕ್ಕೆ ಮಾಮೂಲಿ ಫ್ಲ್ಯಾಶ್ ಕಾರ್ಟ್ ಹಾಕಿದರೆ ಅದು ಹಳೇ ಡಿಎಸ್‌ನಂತೆಯೇ ನಡೆದುಕೊಳ್ಳುತ್ತದೆ, ಈ ಯಾವ ಲಾಭವೂ ಸಿಗುವುದಿಲ್ಲ. ಮೇಲಾಗಿ ಸಿಸ್ಟಂ ಅಪ್‌ಡೇಟ್‌ಗಳು ಎಷ್ಟೋ ಕಾರ್ಟ್‌ಗಳನ್ನು ತಡೆದಿವೆ. ಮೆಮೊರಿ ಪಿಟ್ ಎಂಬ ದಾರಿ ಹಿಡಿಯಿರಿ. ಕ್ಯಾಮೆರಾ ಆ್ಯಪ್ ಎಸ್‌ಡಿ ಕಾರ್ಡಿನಿಂದ ಓದುವ ಪಿಟ್ ಎಂಬ ಫೈಲನ್ನು ಬದಲಾಯಿಸಿಡುವ ತಂತ್ರ ಅದು. ಫೈಲಿನಲ್ಲಿ ಎರಡು ಬಗೆ ಇವೆ. ಕ್ಯಾಮೆರಾದ ಆಲ್ಬಂನಲ್ಲಿ ಫೇಸ್‌ಬುಕ್ ಗುರುತು ಕಾಣಿಸಿದರೆ ಸಿಸ್ಟಂ 1.4 ಅಥವಾ ಅದರ ಮೇಲಿನದು, ಅದಕ್ಕೆ ಒಂದು, ಕಾಣದಿದ್ದರೆ ಇನ್ನೊಂದು. ಎಸ್‌ಡಿಯಲ್ಲಿ ಪ್ರೈವೇಟ್, ಡಿಎಸ್, ಆ್ಯಪ್, 484ಇ494ಎ ಎಂದು ಒಂದರೊಳಗೊಂದು ಫೋಲ್ಡರ್ ಮಾಡಿ ಆ ಫೈಲ್ ಇಡಿ, ಮೊದಲ ಹಂತದಲ್ಲಿ ಬೂಟ್ ಎನ್‌ಡಿಎಸ್ ಇಡಿ. ಕ್ಯಾಮೆರಾದಲ್ಲಿ ಎಸ್‌ಡಿ ಆಲ್ಬಂ ತೆರೆದರೆ ತೆರೆ ಒಮ್ಮೆ ಗಾಢ ಗುಲಾಬಿಯಾಗಿ ಮಿನುಗಿ ನಿಮ್ಮ ಮೆನು ಬರುತ್ತದೆ. ಮೆಶೀನಿನೊಳಗೆ ಏನನ್ನೂ ಬರೆಯುವುದಿಲ್ಲವಾದ್ದರಿಂದ ಎರವಲು ತಂದ ಡಿಎಸ್ಐಗೂ ಇದು ನಿರಪಾಯ. ಮೆಶೀನಿನೊಳಗೇ ಕೂರುವ ಅನ್‌ಲಾಂಚ್ ಎಂಬ ಸಾಫ್ಟ್‌ವೇರ್ ಹಾಕಿ ಕಾಯಂ ಮಾಡಿಕೊಳ್ಳುವುದು ಮೆಶೀನು ನಿಮ್ಮದೇ ಆದ ಮೇಲೆ, ಅದೂ ನ್ಯಾಂಡ್ (ಮೆಶೀನಿನ ಒಳಗಿನ ಸಂಗ್ರಹ) ಪೂರ್ತಿ ಬ್ಯಾಕಪ್ ತೆಗೆದು ಕಂಪ್ಯೂಟರಿನಲ್ಲಿಟ್ಟ ಮೇಲೆ.

ಒಂದು ಎಚ್ಚರ: ಡಿಎಸ್ಐಯ ಎಸ್‌ಡಿಗೆ ಪ್ರೋಗ್ರಾಂನೊಳಗೆ "ಎಸ್‌ಡಿ" ಎಂಬ ಡ್ರೈವ್ ಹೆಸರು, ಫ್ಲ್ಯಾಶ್ ಕಾರ್ಟ್‌ಗೆ "ಫ್ಯಾಟ್" ಎಂಬ ಹೆಸರು. ಕೋಡಿನಲ್ಲಿ ಇವುಗಳಲ್ಲಿ ಒಂದನ್ನು ಗಟ್ಟಿಯಾಗಿ ಬರೆದುಬಿಟ್ಟರೆ ಇನ್ನೊಂದರಲ್ಲಿ ಫೈಲ್ ಸಿಗುವುದಿಲ್ಲ. ಡ್ರೈವ್ ಹೆಸರಿಲ್ಲದ ಪಾತ್ ಬಳಸಿ. ಮತ್ತೆ, 16 ಎಂಬಿಯ ಮೋಜಿಗೆ ಬಿದ್ದು ಬರೆದ ಆಟ ಡಿಎಸ್ ಲೈಟ್‌ನ 4 ಎಂಬಿಯಲ್ಲಿ ಓಡುವುದಿಲ್ಲ ಎಂಬುದೂ ನೆನಪಿರಲಿ. ಎರಡರಲ್ಲೂ ಓಡಬೇಕಾದರೆ ಲೈಟ್‌ನಲ್ಲೇ ಪರೀಕ್ಷಿಸುತ್ತಾ ಬರೆಯಿರಿ.

ಕೆಳಗಿನ ದೊಡ್ಡ ಸ್ಲಾಟ್, ಅಂದರೆ ಸ್ಲಾಟ್-2, ಗೇಮ್‌ಬಾಯ್ ಅಡ್ವಾನ್ಸ್ (ಜಿಬಿಎ) ಕಾರ್ಟ್‌ಗಳದ್ದು. ಡಿಎಸ್ ಹೋಮ್‌ಬ್ರೂಗೆ ಅಲ್ಲಿ ಏನೂ ಬೇಕಿಲ್ಲ. ಮುಂದೆ ನೀವು ಜಿಬಿಎಗೆ ಬರೆಯಲು ಹೊರಟರೆ ಈಝಡ್-ಫ್ಲ್ಯಾಶ್ ಒಮೆಗಾ ಡೆಫಿನಿಟಿವ್ ಎಡಿಶನ್ ಅಥವಾ ಎವರ್‌ಡ್ರೈವ್ ಜಿಬಿಎ ಎಕ್ಸ್5 ಮಿನಿ ನೋಡಿ. ಜಿಬಿಎ ಕಾರ್ಟ್ ಅಳತೆಯದ್ದು ಯಾವುದೇ ಆದರೂ ಡಿಎಸ್ ಲೈಟ್‌ನಿಂದ ಸ್ವಲ್ಪ ಹೊರಗೆ ಚಾಚಿಕೊಂಡಿರುತ್ತದೆ. ಅದನ್ನೂ ಕೊಳ್ಳುವ ಮುಂಚೆ ಜಿಬಿಎರನ್ನರ್2 ಓಡಿಸಿ ನೋಡಿ, ಸ್ಲಾಟ್-1ರ, ಅಂದರೆ ಮೇಲಿನ ಡಿಎಸ್ ಸ್ಲಾಟ್‌ನ, ಕಾರ್ಟ್‌ನಿಂದಲೇ ಜಿಬಿಎ ಪ್ರೋಗ್ರಾಂ ಓಡಿಸುವ ಸಾಫ್ಟ್‌ವೇರ್ ಅದು, ಪ್ರಯೋಗಕ್ಕೆ ಸಾಕಾಗುತ್ತದೆ.

ಕೊಳ್ಳುವ ವಿಚಾರ. ಅಲಿಎಕ್ಸ್‌ಪ್ರೆಸ್‌ಗೆ ಭಾರತದಲ್ಲಿ 2020ರ ನವೆಂಬರಿನಿಂದ ನಿಷೇಧವಿದೆ, ಹಾಗಾಗಿ ಇಲ್ಲಿನ ಮರುಮಾರಾಟಗಾರರು ಅಥವಾ ಹೊರದೇಶದಿಂದ ಬರುವ ನೆಂಟರು, ಇವೆರಡೇ ಸುಲಭದ ದಾರಿ. ನೇರ ತರಿಸಿದರೆ ಕಸ್ಟಮ್ಸ್ ಸುಂಕ ಸೇರಿಸಿ ಲೆಕ್ಕ ಹಾಕಿ. ಅಣ್ಣ ಇರುವ ಕಡೆಯಿಂದ ತರಿಸುವುದಾದರೆ ಅವರಿಗೆ ಕಾರ್ಟ್‌ನ ಹೆಸರಿನ ಬದಲು ಸ್ಟಿಕರಿನ ಮೇಲಿರಬೇಕಾದ ವಿಳಾಸವನ್ನು ಬರೆದು ಕಳಿಸಿ. ಆಟ ತುಂಬಿಸಿಯೇ ಕೊಡುತ್ತೇವೆ ಅನ್ನುವವರ ಹತ್ತಿರ ಹೋಗಬೇಡಿ. ನೀವು ಬರೆದದ್ದನ್ನು, ಅಥವಾ ಬರೆದವರೇ ಹಂಚಲು ಬಿಟ್ಟದ್ದನ್ನು ಓಡಿಸುವುದಕ್ಕೆ ಯಾರ ತಕರಾರೂ ಇಲ್ಲ. ಮಾರಾಟದ ಆಟಗಳ ನಕಲು 1957ರ ಕೃತಿಸ್ವಾಮ್ಯ ಕಾಯ್ದೆಯಡಿ ಉಲ್ಲಂಘನೆ. ನಕಲು ಮಾಡುವ ಉದ್ದೇಶದಿಂದ ಬೀಗ ಮುರಿಯುವುದೂ 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಕಲಮಿನಿಂದ ಅಪರಾಧವಾಗಿದೆ.

ಮಾರುವವರಿಂದ ಹಣ ಕೊಡುವ ಮೊದಲೇ ಮೂರು ಫೋಟೊ ಕೇಳಿ: ಸ್ಟಿಕರಿನ ವಿಳಾಸ ಓದುವಷ್ಟು ಹತ್ತಿರದ್ದು, ಹಿಂಭಾಗದ 17 ಸಂಪರ್ಕಗಳದ್ದು, ಮೆಶೀನಿನಲ್ಲಿ ಮೆನು ತೆರೆದಿರುವುದು. ಬಳಸಿದ ಕಾರ್ಟ್ ಆದರೆ ಬಂದ ಕೂಡಲೇ ಆ ಸಂಪರ್ಕಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ಒಣಗಲು ಬಿಟ್ಟು ಹಾಕಿ. ಮೈಕ್ರೋಎಸ್‌ಡಿ ಒಳಗೆ ತಳ್ಳಿದಾಗ ಟಿಕ್ ಎಂದು ಕೂರದೆ ಹೊರಗೆ ಜಾರುತ್ತಿದ್ದರೆ ಸ್ಪ್ರಿಂಗ್ ಹೋಗಿದೆ ಎಂದರ್ಥ, ಅಂಥದನ್ನು ಆಗಲೇ ವಾಪಸು ಮಾಡಿ.